ದೂರದಿಂದ ಕಾರ್ಯನಿರ್ವಹಿಸುವ ವಿನ್ಯಾಸ ತಂಡಗಳು ತಂತ್ರಾಂಶ ಆರಿಸಿಕೊಳ್ಳುವ ಬಗ್ಗೆ ಅರ್ಜಿದಾರರಿಗೆ ಮಾಹಿತಿ

1. ಈ ಪುಟದ ಉದ್ದೇಶ

ಲಗ್ನಪತ್ರಿಕೆ, ಕರಪತ್ರ, ಪುಸ್ತಕದ ಪುಟವಿನ್ಯಾಸ, ಉತ್ಪನ್ನಗಳ ಹೊದಿಕೆ, ಅಂತರ್ಜಾಲ ಪುಟ ಮೊದಲಾದವುಗಳನ್ನು ಸಿದ್ಧಪಡಿಸುವ ಸಣ್ಣ ವಿನ್ಯಾಸ ಘಟಕಗಳನ್ನು ಸ್ಥಾಪಿಸಲು ನೆರವು ಕೋರಿ ಅರ್ಜಿ ಸಲ್ಲಿಸುವವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. 2020ರ ನಂತರ ಇಂತಹ ಘಟಕಗಳ ಸದಸ್ಯರು ಒಂದೇ ಕೊಠಡಿಯಲ್ಲಿ ಕುಳಿತು ಕೆಲಸ ಮಾಡುವುದು ಕಡಿಮೆಯಾಗಿರುತ್ತದೆ. ಪುಟ ಜೋಡಿಸುವವರು ಗದಗಿನಲ್ಲಿ, ಚಿತ್ರ ರಚಿಸುವವರು ಉಡುಪಿಯಲ್ಲಿ, ಗ್ರಾಹಕರೊಡನೆ ವ್ಯವಹರಿಸುವವರು ಬೆಂಗಳೂರಿನಲ್ಲಿ, ಮುದ್ರಣ ಶಿವಕಾಶಿಯಲ್ಲಿ ಎಂಬಂತಹ ವ್ಯವಸ್ಥೆ ಈಗ ಸಾಮಾನ್ಯವಾಗಿದೆ.

ಯೋಜನಾ ವರದಿಯ ‘ಯಂತ್ರೋಪಕರಣ ಮತ್ತು ತಂತ್ರಾಂಶ’ ಎಂಬ ಕಲಂನಲ್ಲಿ ಬಹುತೇಕ ಅರ್ಜಿದಾರರು ಗಣಕಯಂತ್ರ ಮಾರಾಟಗಾರರು ಕೊಟ್ಟ ದರಪಟ್ಟಿಯಲ್ಲಿನ ಹೆಸರುಗಳನ್ನು ಹಾಗೆಯೇ ಬರೆಯುತ್ತಾರೆ. ಗಣಕಯಂತ್ರದ ವಿಷಯದಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ತಂತ್ರಾಂಶದ ವಿಷಯ ಹಾಗಲ್ಲ. ಒಂದೇ ಕೊಠಡಿಯಲ್ಲಿರುವ ತಂಡದಲ್ಲಿ ಒಂದು ಕಡತ ತೆರೆಯದಿದ್ದರೆ ಪಕ್ಕದ ಯಂತ್ರಕ್ಕೆ ಹೋಗಿ ತೆರೆಯಬಹುದು. ದೂರದೂರದಲ್ಲಿರುವ ತಂಡಕ್ಕೆ ಆ ಅನುಕೂಲವಿಲ್ಲ. ಆದ್ದರಿಂದ ಯಾವ ತಂತ್ರಾಂಶದಲ್ಲಿ ಸೌಲಭ್ಯಗಳು ಹೆಚ್ಚು ಎಂಬುದಕ್ಕಿಂತ ಅದು ತಯಾರಿಸುವ ಕಡತವು ತಂಡದ ಇನ್ನೊಬ್ಬ ಸದಸ್ಯರ ಯಂತ್ರದಲ್ಲಿ, ಕನ್ನಡ ಅಕ್ಷರಗಳು ಕೆಡದಂತೆ, ಇಂದು ಮಾತ್ರವಲ್ಲದೆ ಐದು ವರ್ಷಗಳ ನಂತರವೂ ತೆರೆಯುವುದೇ ಎಂಬುದನ್ನು ಮೊದಲು ನೋಡತಕ್ಕದ್ದು. ಈ ಪುಟದಲ್ಲಿ ಮುಂದೆ ಹೇಳಿರುವುದೆಲ್ಲ ಈ ಒಂದು ಅಂಶವನ್ನು ಪರಿಶೀಲಿಸುವ ಬಗೆಯನ್ನು ಕುರಿತದ್ದಾಗಿರುತ್ತದೆ.

ಇಲ್ಲಿ ಕೆಲವು ತಂತ್ರಾಂಶಗಳ ಹೆಸರನ್ನು ಉದಾಹರಣೆಗಾಗಿ ಮಾತ್ರ ನಮೂದಿಸಲಾಗಿದೆ. ಇದನ್ನು ಯಾವುದೇ ಸಂಸ್ಥೆಯ ಪರವಾದ ಶಿಫಾರಸು ಎಂದು ಭಾವಿಸಬಾರದು.

2. ಕನ್ನಡ ಅಕ್ಷರಗಳ ಸಂಕೇತ ಕ್ರಮ

ಇದು ಅತ್ಯಂತ ಮುಖ್ಯವಾದ ಹಾಗೂ ಅತಿ ಹೆಚ್ಚು ಅರ್ಜಿದಾರರು ಗಮನಿಸದೆ ಬಿಡುವ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿ ತಿಳಿಸಲಾಗುತ್ತಿದೆ.

ಗಣಕಯಂತ್ರದಲ್ಲಿ ಕನ್ನಡವನ್ನು ಎರಡು ಬಗೆಯಲ್ಲಿ ಸಂಗ್ರಹಿಸಲಾಗುತ್ತಿದೆ. ಮೊದಲನೆಯದು ಹಳೆಯ ಕ್ರಮ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಮತ್ತು 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಈ ಕ್ರಮಕ್ಕೆ ಸೇರಿದವು. ಇಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಇರಿಸಲಾಗಿರುತ್ತದೆ. ತಲೆಕಟ್ಟು, ಗುಡಿಸು, ಒತ್ತಕ್ಷರ ಮುಂತಾದವು ಬೇರೆ ಬೇರೆ ತುಣುಕುಗಳಾಗಿ ಸೇರಿ ಪರದೆಯ ಮೇಲೆ ಕನ್ನಡವಾಗಿ ಕಾಣುತ್ತವೆ. ಯಂತ್ರದ ದೃಷ್ಟಿಯಲ್ಲಿ ಅದು ಕನ್ನಡವೇ ಅಲ್ಲ. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಮೇಲೆ ಚುಕ್ಕೆ, ಗೆರೆ, ಕೊಂಬುಗಳಿರುವ ರೋಮನ್ ಅಕ್ಷರಗಳ ರಾಶಿ ಕಾಣಿಸುವುದು ಇದೇ ಕಾರಣದಿಂದ.

ಎರಡನೆಯದು ಯೂನಿಕೋಡ್. ಇದರಲ್ಲಿ ಕನ್ನಡಕ್ಕೆ 1991ರಿಂದಲೇ ಪ್ರತ್ಯೇಕವಾದ 128 ಸ್ಥಾನಗಳಿರುತ್ತವೆ. ‘ಕ’ ಎಂಬುದು ಯಾವ ಫಾಂಟ್‌ನಲ್ಲಿಯೂ, ಯಾವ ಯಂತ್ರದಲ್ಲಿಯೂ, ಮೊಬೈಲ್ ದೂರವಾಣಿಯಲ್ಲಿಯೂ ‘ಕ’ ಆಗಿಯೇ ಉಳಿಯುತ್ತದೆ. ಫಾಂಟ್ ಬದಲಾದರೆ ಅಕ್ಷರದ ರೂಪ ಮಾತ್ರ ಬದಲಾಗುತ್ತದೆ. ದೂರದಿಂದ ಕೆಲಸ ಮಾಡುವ ತಂಡ ಯೂನಿಕೋಡ್ ಕ್ರಮವನ್ನು ಅನುಸರಿಸುವುದು ಅವಶ್ಯಕ ಎಂಬುದರಲ್ಲಿ ಎರಡು ಮಾತಿಲ್ಲ.

ಹಾಗಿದ್ದರೂ ಅನೇಕ ಮುದ್ರಣಾಲಯಗಳಲ್ಲಿ ಹಳೆಯ ಕ್ರಮವೇ ಉಳಿದಿದೆ. ಇದಕ್ಕೆ ಮುದ್ರಕರನ್ನು ದೂರಿ ಪ್ರಯೋಜನವಿಲ್ಲ. ಡಿ.ಟಿ.ಪಿ. ಕೇಂದ್ರಗಳಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ ಪೇಜ್‌ಮೇಕರ್ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲು ಬರುತ್ತಿರಲಿಲ್ಲ. 2001ರಲ್ಲಿ ಬಂದ 7.0 ಆವೃತ್ತಿಯೇ ಅದರ ಕೊನೆಯ ಆವೃತ್ತಿ. ವರ್ಷಾನುಗಟ್ಟಲೆ ಕೂಡಿಟ್ಟ ಪುಸ್ತಕಗಳು, ಪಂಚಾಂಗಗಳು, ಲಗ್ನಪತ್ರಿಕೆಯ ಮಾದರಿಗಳು ಆ ರೂಪದಲ್ಲಿಯೇ ಇರುವಾಗ ಯಂತ್ರವನ್ನೂ ತಂತ್ರಾಂಶವನ್ನೂ ಹಾಗೆಯೇ ಉಳಿಸಿಕೊಳ್ಳುವುದು ಅವರಿಗೆ ಅನಿವಾರ್ಯವಾಗಿತ್ತು. ಹೊಸದಾಗಿ ಘಟಕ ಸ್ಥಾಪಿಸುವವರಿಗೆ ಈ ಅನಿವಾರ್ಯತೆ ಇಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸುವುದು ಅಗತ್ಯ. ಯೂನಿಕೋಡ್‌ಗೆ ಬದಲಾದರೆ ಬೆರಳಚ್ಚನ್ನು ಮತ್ತೆ ಹೊಸದಾಗಿ ಕಲಿಯಬೇಕಾಗುತ್ತದೆ ಎಂದು ಹಲವರು ಹಿಂಜರಿಯುತ್ತಾರೆ. ಕೆ.ಪಿ. ರಾವ್ ಅವರ ಹೆಸರಿನೊಂದಿಗೆ ಗುರುತಿಸಲಾಗುವ ಕೀಲಿಮಣೆ ವಿನ್ಯಾಸವೇ ಬೇರೆ, ಅಕ್ಷರಗಳ ಸಂಕೇತ ಕ್ರಮವೇ ಬೇರೆ. ನುಡಿಯ ನಂತರದ ಆವೃತ್ತಿಗಳಲ್ಲಿ ಅದೇ ಕೀಲಿಮಣೆಯಿಂದ ಯೂನಿಕೋಡ್ ಕನ್ನಡವನ್ನು ಬೆರಳಚ್ಚಿಸಬಹುದು. ಬೆರಳುಗಳ ಅಭ್ಯಾಸ ಹಾಗೆಯೇ ಇರುತ್ತದೆ, ಕಡತದೊಳಗಿನ ಸಂಕೇತ ಮಾತ್ರ ಬದಲಾಗುತ್ತದೆ.

ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಲಕರಣೆಗಳು ದೊರೆಯುತ್ತವೆ. ಆದರೆ ಪರಿವರ್ತನೆಯ ನಂತರ ಓದದೆ ಮುದ್ರಣಕ್ಕೆ ಕಳುಹಿಸಬಾರದು. ಹಳೆಯ ಕ್ರಮದಲ್ಲಿ ಕನ್ನಡ ಅಂಕಿ ಹಾಗೂ ಇಂಗ್ಲಿಷ್ ಅಂಕಿಗಳಿಗೆ ಬೇರೆ ಬೇರೆ ಫಾಂಟ್‌ಗಳಿದ್ದವು. ಪರಿವರ್ತನೆಯಾದ ಮೇಲೆ ಒಂದೇ ಪುಟದಲ್ಲಿ ಎರಡೂ ಬಗೆಯ ಅಂಕಿಗಳು ಬೆರೆಯುವುದುಂಟು. ಅರ್ಕಾವೊತ್ತು ಸ್ಥಳ ತಪ್ಪುವುದುಂಟು. ಎಲ್ಲಕ್ಕಿಂತ ಹೆಚ್ಚಿನ ತೊಂದರೆ ಕನ್ನಡದ ನಡುವೆ ಬರುವ ಇಂಗ್ಲಿಷ್ ಪದಗಳದ್ದು. ಪರಿವರ್ತಕವು ಅವುಗಳನ್ನೂ ಕನ್ನಡದ ತುಣುಕುಗಳೆಂದೇ ತಿಳಿಯುತ್ತದೆ. ಕೆಲವು ವರ್ಷಗಳ ಹಿಂದೆ ಈ ಶಾಖೆಗೆ ಬಂದ ಕರಪತ್ರವೊಂದರಲ್ಲಿ ಅರ್ಜಿ ಕಳುಹಿಸಬೇಕಾದ ಮಿಂಚಂಚೆ ವಿಳಾಸವು ಅರ್ಥವಿಲ್ಲದ ಕನ್ನಡ ಅಕ್ಷರಗಳ ಸಾಲಾಗಿ ಅಚ್ಚಾಗಿತ್ತು. ಕರಡಚ್ಚನ್ನು ನೋಡಿದವರು ಕನ್ನಡವನ್ನು ಮಾತ್ರ ಓದಿದ್ದರು. ಕರಪತ್ರ ಹಂಚಿಯಾದ ಮೇಲೆ ತಪ್ಪು ತಿಳಿದುಬಂದಿತು. ಕೊನೆಯ ದಿನಾಂಕ ಸಮೀಪಿಸಿದ್ದರಿಂದ ಪ್ರತಿಯೊಂದು ಪ್ರತಿಯ ಮೇಲೂ ಚೀಟಿ ಅಂಟಿಸುವ ಕೆಲಸವನ್ನು ಶಾಖೆಯ ಸಿಬ್ಬಂದಿ ಎರಡು ದಿನ ಮಾಡಬೇಕಾಯಿತು. ಮೊದಲೇ ಕರಪತ್ರ ಪಡೆದು ಹೋಗಿದ್ದವರನ್ನು ತಲುಪುವ ಮಾರ್ಗ ಇರಲಿಲ್ಲ.

3. ಪರೀಕ್ಷಾ ವಾಕ್ಯ

ತಂತ್ರಾಂಶವನ್ನು ಕೊಳ್ಳುವ ಮೊದಲು, ಅಥವಾ ಅದರ ಪ್ರಾಯೋಗಿಕ ಆವೃತ್ತಿಯಲ್ಲಿ, ಈ ಕೆಳಗಿನ ವಾಕ್ಯವನ್ನು ಬೆರಳಚ್ಚಿಸಿ ನೋಡಲು ಕೋರಲಾಗಿದೆ.

“ಸ್ತ್ರೀಶಕ್ತಿ ಸಂಘದ ಲಕ್ಷ್ಮೀ ಮೊದಲ ರ‍್ಯಾಂಕ್ ಗಳಿಸಿ ರಾಷ್ಟ್ರಮಟ್ಟದಲ್ಲಿ ಕೀರ್ತಿ ಪಡೆದಳು, ಸಾಫ್ಟ್‌ವೇರ್ ಬೆಲೆ 1,250 ರೂ.”

ಈ ವಾಕ್ಯದಲ್ಲಿ ತೊಂದರೆ ಕೊಡುವ ಜಾಗಗಳೆಲ್ಲ ಇವೆ. ‘ಸ್ತ್ರೀ’, ‘ಕ್ಷ್ಮೀ’, ‘ಷ್ಟ್ರ’ ಇವುಗಳಲ್ಲಿ ಎರಡೆರಡು ಒತ್ತುಗಳು ಕೂಡಿವೆ. ‘ಕೀರ್ತಿ’ಯಲ್ಲಿ ಅರ್ಕಾವೊತ್ತು ಇದೆ, ‘ರ‍್ಯಾಂಕ್’ನಲ್ಲಿ ಅದು ಇರಕೂಡದು. ‘ಸಾಫ್ಟ್‌ವೇರ್’ನಲ್ಲಿ ‘ವೇ’ ಎಂಬುದು ಹಿಂದಿನ ಅಕ್ಷರಕ್ಕೆ ಒತ್ತಾಗಿ ಹೋಗಬಾರದು. ತಂಡದ ಒಬ್ಬ ಸದಸ್ಯರು ಇದನ್ನು ಬೆರಳಚ್ಚಿಸಿ ಕಡತವನ್ನು ಉಳಿಸಬೇಕು. ಇನ್ನೊಬ್ಬರು ಬೇರೆ ಊರಿನಲ್ಲಿ, ಬೇರೆ ಯಂತ್ರದಲ್ಲಿ ಅದನ್ನು ತೆರೆದು ಒಂದು ಪದವನ್ನು ತಿದ್ದಿ ಹಿಂದಿರುಗಿಸಬೇಕು. ಮೂರನೆಯವರು ಅದನ್ನು ಪಿಡಿಎಫ್ ಮಾಡಿ ಮೊಬೈಲ್‌ನಲ್ಲಿ ತೆರೆಯಬೇಕು. ಈ ಮೂರು ಹಂತಗಳಲ್ಲಿಯೂ ವಾಕ್ಯ ಕೆಡದೆ ಉಳಿದರೆ ಆ ತಂತ್ರಾಂಶ ಕನ್ನಡದ ಕೆಲಸಕ್ಕೆ ಯೋಗ್ಯ. ತಯಾರಕರ ಕೈಪಿಡಿಯಲ್ಲಿ ‘ಎಲ್ಲ ಭಾರತೀಯ ಭಾಷೆಗಳಿಗೂ ಬೆಂಬಲವಿದೆ’ ಎಂದು ಬರೆದಿರುವುದನ್ನು ನಂಬುವುದಕ್ಕಿಂತ ಈ ಅರ್ಧ ಗಂಟೆಯ ಕೆಲಸ ಹೆಚ್ಚು ವಿಶ್ವಾಸಾರ್ಹವಾದುದು.

ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಕೂಡಲೇ ತಂತ್ರಾಂಶವನ್ನು ತಿರಸ್ಕರಿಸಬೇಕಾಗಿಲ್ಲ. ಕೆಲವೊಮ್ಮೆ ಒಂದು ಆಯ್ಕೆಯನ್ನು ಬದಲಿಸಿದರೆ ಸಾಕಾಗುತ್ತದೆ. ಉದಾಹರಣೆಗೆ ಇನ್‌ಡಿಸೈನ್ ತಂತ್ರಾಂಶದಲ್ಲಿ 2012ರ ಸಿಎಸ್6 ಆವೃತ್ತಿಯಿಂದ ಭಾರತೀಯ ಲಿಪಿಗಳ ಸೌಲಭ್ಯವಿದೆ. ಆದರೆ ಪ್ಯಾರಾ ಜೋಡಣೆಯ ಆಯ್ಕೆಗಳಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬುದನ್ನು ಆರಿಸದಿದ್ದರೆ ಕನ್ನಡ ಒಡೆದು ಕಾಣುತ್ತದೆ. ಉಚಿತ ಪುಟವಿನ್ಯಾಸ ತಂತ್ರಾಂಶವಾದ ಸ್ಕ್ರೈಬಸ್‌ನ ಹಳೆಯ ಆವೃತ್ತಿಗಳು ಕನ್ನಡಕ್ಕೆ ಒದಗುತ್ತಿರಲಿಲ್ಲ. 2024ರಲ್ಲಿ ಬಂದ 1.6 ಸ್ಥಿರ ಆವೃತ್ತಿಯಲ್ಲಿ ಒತ್ತಕ್ಷರಗಳಂತಹ ಸಂಕೀರ್ಣ ಲಿಪಿಗಳ ಜೋಡಣೆ ಸೇರಿದೆ. ಐದು ವರ್ಷಗಳ ಹಿಂದೆ ಪ್ರಯತ್ನಿಸಿ ಕೈಬಿಟ್ಟವರು ಮತ್ತೊಮ್ಮೆ ನೋಡಬಹುದು.

ಫಾಂಟ್‌ಗಳ ವಿಷಯದಲ್ಲಿ ತಂಡದ ಎಲ್ಲರ ಯಂತ್ರದಲ್ಲಿಯೂ ಒಂದೇ ಫಾಂಟ್‌ನ ಒಂದೇ ಆವೃತ್ತಿ ಇರತಕ್ಕದ್ದು. ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಟಿರೋ ಕನ್ನಡ ಮುಂತಾದವು ಮುಕ್ತ ಫಾಂಟ್ ಪರವಾನಗಿಯಲ್ಲಿ ದೊರೆಯುತ್ತವೆ. ಇವನ್ನು ವ್ಯಾಪಾರದ ಕೆಲಸಕ್ಕೂ ಶುಲ್ಕವಿಲ್ಲದೆ ಬಳಸಬಹುದು, ತಂಡದ ಸದಸ್ಯರಿಗೂ ಮುದ್ರಕರಿಗೂ ಕೊಡಬಹುದು. ಹಣ ಕೊಟ್ಟು ಕೊಂಡ ಫಾಂಟ್ ಅನ್ನು ಹಾಗೆ ಹಂಚಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ದೂರದ ತಂಡಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ.

4. ಕಡತ ಯಾರ ಕೈಯಲ್ಲಿ ಉಳಿಯುತ್ತದೆ

ತಂತ್ರಾಂಶಗಳು ಈಗ ಸ್ಥೂಲವಾಗಿ ಎರಡು ಬಗೆಯವು. ಕೆಲವು ತಮ್ಮ ಯಂತ್ರದಲ್ಲಿಯೇ ಅಳವಡಿಕೆಯಾಗಿ ಕಡತವನ್ನು ತಮ್ಮ ಬಳಿಯೇ ಉಳಿಸುತ್ತವೆ. ಇಂಕ್‌ಸ್ಕೇಪ್, ಕೋರೆಲ್‌ಡ್ರಾ, ಸ್ಕ್ರೈಬಸ್ ಇಂತಹವು. ಇನ್ನು ಕೆಲವು ಬ್ರೌಸರ್‌ನಲ್ಲಿಯೇ ನಡೆಯುತ್ತವೆ, ಕಡತ ಸೇವೆ ನೀಡುವ ಸಂಸ್ಥೆಯ ಸರ್ವರ್‌ನಲ್ಲಿರುತ್ತದೆ. ಫಿಗ್ಮಾ, ಕ್ಯಾನ್ವಾ ಈ ಬಗೆಯವು. ಎರಡನೆಯ ಬಗೆಯಲ್ಲಿ ನಾಲ್ವರು ನಾಲ್ಕು ಊರುಗಳಲ್ಲಿ ಕುಳಿತು ಒಂದೇ ಪುಟವನ್ನು ಏಕಕಾಲಕ್ಕೆ ತಿದ್ದಬಹುದು. ಈ ಅನುಕೂಲ ನಿಜವಾದುದು. ಮೊಬೈಲ್ ಪರದೆಗಳ ವಿನ್ಯಾಸ ಮಾಡುವವರಿಗೆ ಇದಿಲ್ಲದೆ ಕೆಲಸ ಸಾಗುವುದು ಕಷ್ಟ.

ಆದರೆ ಸೇವೆ ನಿಂತರೆ ಕಡತದ ಗತಿ ಏನೆಂಬುದನ್ನು ಮೊದಲೇ ಯೋಚಿಸತಕ್ಕದ್ದು. ವಿನ್ಯಾಸ ತಂಡಗಳಲ್ಲಿ ಬಹಳ ಬಳಕೆಯಲ್ಲಿದ್ದ ಇನ್‌ವಿಷನ್ ಎಂಬ ಸೇವೆ 2024ರ ಡಿಸೆಂಬರ್ 31ಕ್ಕೆ ತನ್ನ ವಿನ್ಯಾಸ ಸೇವೆಗಳನ್ನು ಮುಚ್ಚಿತು. ಅಡೋಬಿ ಸಂಸ್ಥೆ 2013ರಲ್ಲಿ ಒಮ್ಮೆ ಹಣ ಕೊಟ್ಟು ಕೊಳ್ಳುವ ಕ್ರಮವನ್ನು ಬಿಟ್ಟು ಚಂದಾ ಕ್ರಮಕ್ಕೆ ಬದಲಾಯಿತು. ಅದೇ ಸಂಸ್ಥೆ 2022ರ ಸೆಪ್ಟೆಂಬರಿನಲ್ಲಿ ಫಿಗ್ಮಾವನ್ನು 2,000 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿ, ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್ನಿನ ನಿಯಂತ್ರಕರ ಆಕ್ಷೇಪಣೆಗಳ ನಂತರ 2023ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಅಫಿನಿಟಿ ತಂತ್ರಾಂಶಗಳ ತಯಾರಕ ಸಂಸ್ಥೆಯನ್ನು 2024ರಲ್ಲಿ ಕ್ಯಾನ್ವಾ ಕೊಂಡಿತು, 2025ರ ಅಕ್ಟೋಬರಿನಲ್ಲಿ ಆ ತಂತ್ರಾಂಶವನ್ನು ಉಚಿತವೆಂದು ಘೋಷಿಸಲಾಯಿತು. ಒಳ್ಳೆಯದಕ್ಕಾಗಲಿ ಕೆಟ್ಟದ್ದಕ್ಕಾಗಲಿ, ಇವೆಲ್ಲ ಗ್ರಾಹಕರನ್ನು ಕೇಳಿ ಆದ ಬದಲಾವಣೆಗಳಲ್ಲ. ಹುಬ್ಬಳ್ಳಿಯಲ್ಲಿ ಮೂರು ಜನರ ಘಟಕ ನಡೆಸುವವರಿಗೆ ಇವುಗಳ ಮೇಲೆ ಯಾವ ಹಿಡಿತವೂ ಇರುವುದಿಲ್ಲ. ಹಿಡಿತ ಇರುವುದು ಕಡತದ ಮೇಲೆ ಮಾತ್ರ, ಅದೂ ಅದನ್ನು ಬೇರೆ ತಂತ್ರಾಂಶವೂ ಓದಬಲ್ಲ ರೂಪದಲ್ಲಿ ಇಟ್ಟುಕೊಂಡಿದ್ದರೆ.

ಅಂತಹ ರೂಪಗಳು ಇವೆ. ರೇಖಾಚಿತ್ರಗಳಿಗೆ ಎಸ್‌ವಿಜಿ ಎಂಬ ಮುಕ್ತ ಮಾನಕವಿದೆ. ಇಂಕ್‌ಸ್ಕೇಪ್ ತನ್ನ ಕಡತಗಳನ್ನು ಇದರಲ್ಲಿಯೇ ಉಳಿಸುತ್ತದೆ, ಫಿಗ್ಮಾದಿಂದಲೂ ಈ ರೂಪದಲ್ಲಿ ಹೊರತೆಗೆಯಬಹುದು. ಇನ್‌ಡಿಸೈನ್ ಬಳಸುವವರು ಮೂಲ ಕಡತದ ಜೊತೆಗೆ ಐಡಿಎಂಎಲ್ ರೂಪದ ಪ್ರತಿಯನ್ನೂ ಉಳಿಸಿದರೆ ಹಳೆಯ ಆವೃತ್ತಿ ಇರುವವರೂ ತೆರೆಯಬಹುದು. ಕೋರೆಲ್‌ಡ್ರಾದಲ್ಲಿ ಹೊಸ ಆವೃತ್ತಿಯ ಕಡತವನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲವಾದ್ದರಿಂದ, ಮುದ್ರಕರ ಬಳಿ ಯಾವ ಆವೃತ್ತಿ ಇದೆಯೆಂದು ಕೇಳಿ ಆ ಆವೃತ್ತಿಗೆ ಹೊಂದುವಂತೆ ಉಳಿಸಿ ಕಳುಹಿಸಬೇಕು. ಏಕಕಾಲಕ್ಕೆ ಹಲವರು ಕೆಲಸ ಮಾಡುವ ಸೌಲಭ್ಯವೂ ಬೇಕು, ಕಡತವೂ ತಮ್ಮ ಕೈಯಲ್ಲಿಯೇ ಇರಬೇಕು ಎನ್ನುವವರಿಗೆ ಸ್ಪೇನ್ ದೇಶದ ಕಲೈಡೋಸ್ ಸಂಸ್ಥೆಯ ಪೆನ್‌ಪಾಟ್ ಎಂಬ ಮುಕ್ತ ತಂತ್ರಾಂಶವಿದೆ. ಇದನ್ನು ತಮ್ಮದೇ ಸರ್ವರ್‌ನಲ್ಲಿ ಅಳವಡಿಸಿಕೊಳ್ಳಬಹುದು. ಆದರೆ ಸರ್ವರ್ ನೋಡಿಕೊಳ್ಳುವ ಒಬ್ಬ ತಿಳಿದವರು ತಂಡದಲ್ಲಿ ಇರಬೇಕಾಗುತ್ತದೆ. ಅಂಥವರಿಲ್ಲದೆ ಈ ಸಾಹಸಕ್ಕೆ ಕೈಹಾಕುವುದು ಸರಿಯಲ್ಲ.

ಮುದ್ರಣಾಲಯದವರು ‘ಕರ್ವ್ ಮಾಡಿ ಕಳಿಸಿ’ ಎನ್ನುವುದು ರೂಢಿಯಲ್ಲಿದೆ. ಅಂದರೆ ಅಕ್ಷರಗಳನ್ನೆಲ್ಲ ರೇಖೆಗಳಾಗಿ ಬದಲಿಸುವುದು. ಆಗ ಫಾಂಟ್ ಇಲ್ಲದಿದ್ದರೂ ಅಕ್ಷರ ಸರಿಯಾಗಿ ಅಚ್ಚಾಗುತ್ತದೆ. ಆದರೆ ಹಾಗೆ ಬದಲಿಸಿದ ಕಡತದಲ್ಲಿ ಒಂದು ದೀರ್ಘವನ್ನೂ ತಿದ್ದಲಾಗುವುದಿಲ್ಲ. ಮೂಲ ಕಡತವನ್ನು ಬೇರೆಯಾಗಿ ಉಳಿಸದೆ ಕರ್ವ್ ಮಾಡಿದ ಪ್ರತಿಯನ್ನು ಮಾತ್ರ ಇಟ್ಟುಕೊಂಡವರು ಮರುಮುದ್ರಣದ ಸಮಯದಲ್ಲಿ ಇಡೀ ಪುಸ್ತಕವನ್ನು ಪುನಃ ಬೆರಳಚ್ಚಿಸಬೇಕಾಗುತ್ತದೆ. ಹಾಗೆಯೇ, ಪರದೆಗಾಗಿ ರೂಪಿಸಿದ ತಂತ್ರಾಂಶಗಳಲ್ಲಿ ಬಣ್ಣಗಳು ಕೆಂಪು-ಹಸಿರು-ನೀಲಿ ಕ್ರಮದಲ್ಲಿರುತ್ತವೆ, ಮುದ್ರಣಕ್ಕೆ ಬೇಕಾದುದು ನಾಲ್ಕು ಬಣ್ಣದ ಸಿಎಂವೈಕೆ ಕ್ರಮ. ಪರದೆಯ ಮೇಲೆ ಹೊಳೆಯುವ ಹಸಿರು ಕಾಗದದ ಮೇಲೆ ಮಾಸಿದಂತೆ ಬರುವುದು ಈ ಕಾರಣದಿಂದ. ಮುದ್ರಣದ ಕೆಲಸವೇ ಹೆಚ್ಚಾಗಿರುವ ಘಟಕ ಸಿಎಂವೈಕೆ ಪಿಡಿಎಫ್ ಕೊಡಬಲ್ಲ ಒಂದು ತಂತ್ರಾಂಶವನ್ನಾದರೂ ಹೊಂದಿರಬೇಕು.

5. ಅಂತರ್ಜಾಲ ಸಂಪರ್ಕ

ದರಪಟ್ಟಿಯಲ್ಲಿ ಹೇಳುವ ವೇಗ ಸಾಮಾನ್ಯವಾಗಿ ಕಡತವನ್ನು ಇಳಿಸಿಕೊಳ್ಳುವ ವೇಗ. ವಿನ್ಯಾಸ ತಂಡಕ್ಕೆ ಮುಖ್ಯವಾದುದು ಕಳುಹಿಸುವ ವೇಗ. ಕಳುಹಿಸುವ ವೇಗ ಸೆಕೆಂಡಿಗೆ 2 ಮೆಗಾಬಿಟ್ ಇದ್ದಲ್ಲಿ 400 ಮೆಗಾಬೈಟ್ ಗಾತ್ರದ ಒಂದು ಕಡತಕ್ಕೆ ಸುಮಾರು 27 ನಿಮಿಷ ಹಿಡಿಯುತ್ತದೆ, ನಡುವೆ ವಿದ್ಯುತ್ ಹೋಗದಿದ್ದರೆ. ತಂಡದಲ್ಲಿ ಅತ್ಯಂತ ದುರ್ಬಲ ಸಂಪರ್ಕ ಯಾರದೋ ಅವರ ಮನೆಯಲ್ಲಿ ತಂತ್ರಾಂಶವನ್ನು ಪರೀಕ್ಷಿಸಿ ನಂತರ ನಿರ್ಧರಿಸುವುದು ಒಳ್ಳೆಯದು. ಮಳೆಗಾಲದಲ್ಲಿ ಸಂಪರ್ಕ ಕಡಿತವಾಗುವ ಮಲೆನಾಡಿನ ಊರುಗಳ ಸದಸ್ಯರಿಗೆ ಬ್ರೌಸರ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶವೊಂದನ್ನೇ ನೆಚ್ಚಿಕೊಳ್ಳುವುದು ಸೂಕ್ತವಲ್ಲ.

ವಾಟ್ಸಾಪ್ ಮೂಲಕ ಚಿತ್ರ ಕಳುಹಿಸುವವರು ಅದನ್ನು ‘ಡಾಕ್ಯುಮೆಂಟ್’ ಆಗಿ ಕಳುಹಿಸಬೇಕು. ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗಿ ಮುದ್ರಣಕ್ಕೆ ಬಾರದಂತಾಗುತ್ತದೆ. ಗ್ರಾಹಕರ ಒಪ್ಪಿಗೆಯನ್ನು ಮಾತ್ರ ಮಿಂಚಂಚೆಯಲ್ಲಿ ಪಡೆಯುವುದು ಕ್ಷೇಮ. ಕಡತಗಳಿಗೆ ‘ಅಂತಿಮ’, ‘ಅಂತಿಮ 2’, ‘ಇದೇ ಅಂತಿಮ’ ಎಂದು ಹೆಸರಿಡುವ ಪದ್ಧತಿ ಸರ್ಕಾರಿ ಕಚೇರಿಗಳಲ್ಲಿಯೂ ಇಲ್ಲದಿಲ್ಲ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ದಿನಾಂಕವನ್ನು ಹೆಸರಿನ ಮೊದಲಿಗೆ ಸೇರಿಸಿದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

6. ಖರ್ಚಿನ ಲೆಕ್ಕ

ಚಂದಾ ದರವನ್ನು ತಿಂಗಳ ಲೆಕ್ಕದಲ್ಲಿ ನೋಡಿದಾಗ ಅದು ಹಗುರವಾಗಿ ಕಾಣುತ್ತದೆ. ಕನಿಷ್ಠ ಮೂರು ವರ್ಷಗಳಿಗೆ ಗುಣಿಸಿ ನೋಡತಕ್ಕದ್ದು. ಲೆಕ್ಕದ ಅನುಕೂಲಕ್ಕಾಗಿ ತಿಂಗಳಿಗೆ ತಲಾ 1,500 ರೂ. ಎಂದು ಭಾವಿಸೋಣ. ನಾಲ್ಕು ಜನರ ತಂಡಕ್ಕೆ ವರ್ಷಕ್ಕೆ 72,000 ರೂ. ಆಗುತ್ತದೆ. ಶೇಕಡ 18ರ ಸರಕು ಮತ್ತು ಸೇವಾ ತೆರಿಗೆ 12,960 ರೂ. ಸೇರಿ 84,960 ರೂ. ಮೂರು ವರ್ಷಗಳಿಗೆ 2,54,880 ರೂ. ದರ ಏರದಿದ್ದರೆ ಮಾತ್ರ ಈ ಮೊತ್ತ. ಮೂರು ವರ್ಷಗಳ ನಂತರ ಚಂದಾ ನಿಲ್ಲಿಸಿದರೆ ಘಟಕದ ಬಳಿ ಆಸ್ತಿಯೆಂದು ಏನೂ ಉಳಿದಿರುವುದಿಲ್ಲ. ಆದಕಾರಣ ಯೋಜನಾ ವರದಿಯಲ್ಲಿ ಚಂದಾವನ್ನು ಸ್ಥಿರ ಬಂಡವಾಳದಲ್ಲಿ ತೋರಿಸದೆ ವಾರ್ಷಿಕ ನಿರ್ವಹಣಾ ವೆಚ್ಚದಲ್ಲಿ ತೋರಿಸತಕ್ಕದ್ದು. ಇದನ್ನು ತಪ್ಪಾಗಿ ತೋರಿಸಿದ ವರದಿಗಳಲ್ಲಿ ಎರಡನೆಯ ವರ್ಷದ ಲಾಭ ವಾಸ್ತವಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಸಾಲದ ಕಂತು ಕಟ್ಟುವ ಸಮಯಕ್ಕೆ ಹಣ ಸಾಲದೆ ಬರುತ್ತದೆ.

ತೆರಿಗೆಯ ಬಗ್ಗೆ ಒಂದು ಮಾತು. ಸೇವೆ ಒದಗಿಸುವ ಘಟಕದ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದಿದ್ದಲ್ಲಿ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಇಲ್ಲದವರಿಗೆ ತಂತ್ರಾಂಶದ ಮೇಲೆ ತೆತ್ತ ತೆರಿಗೆಯ ಜಮೆ ದೊರೆಯುವುದಿಲ್ಲ, ಆ ಶೇಕಡ 18 ಪೂರ್ಣವಾಗಿ ಸ್ವಂತ ಖರ್ಚಾಗುತ್ತದೆ. ವಿದೇಶಿ ಸಂಸ್ಥೆಯಿಂದ ಸೇವೆ ಪಡೆಯುವ ನೋಂದಾಯಿತ ಘಟಕಗಳು ಹಿಮ್ಮುಖ ಪಾವತಿ ಕ್ರಮದಲ್ಲಿ ತೆರಿಗೆಯನ್ನು ತಾವೇ ಕಟ್ಟಿ ನಂತರ ಜಮೆ ಪಡೆಯಬೇಕಾಗುತ್ತದೆ.

ಕೆಲವು ಸೇವೆಗಳಲ್ಲಿ ಕಡತ ನೋಡುವವರಿಗೆ ಶುಲ್ಕವಿಲ್ಲ, ತಿದ್ದುವವರಿಗೆ ಮಾತ್ರ ಶುಲ್ಕ. ಗ್ರಾಹಕರಿಗೆ ತಿಳಿಯದೆ ತಿದ್ದುವ ಅಧಿಕಾರ ಕೊಟ್ಟರೆ ಮುಂದಿನ ಬಿಲ್ಲಿನಲ್ಲಿ ಅವರ ಹೆಸರಿನಲ್ಲಿಯೂ ಮೊತ್ತ ಸೇರಿರುತ್ತದೆ. ಕಾರ್ಡ್ ಮೂಲಕ ತಾನಾಗಿ ಕಡಿತವಾಗುವ ಪಾವತಿಗಳಿಗೆ 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮಗಳಂತೆ ಮುಂಚಿತವಾಗಿ ಸಮ್ಮತಿ ನೋಂದಾಯಿಸಿರಬೇಕು. ಸಮ್ಮತಿ ಇಲ್ಲದೆ ಪಾವತಿ ವಿಫಲವಾದರೆ ಖಾತೆ ಸ್ಥಗಿತಗೊಳ್ಳಬಹುದು. ಅದು ಕೆಲಸ ಒಪ್ಪಿಸುವ ಹಿಂದಿನ ರಾತ್ರಿಯೇ ಆಗುತ್ತದೆಂಬುದು ಅನೇಕರ ಅನುಭವ.

7. ಪರವಾನಗಿ ಇಲ್ಲದ ಪ್ರತಿಗಳು

‘ಕ್ರ್ಯಾಕ್’ ಮಾಡಿದ ತಂತ್ರಾಂಶವನ್ನು ಯಂತ್ರದೊಂದಿಗೆ ಉಚಿತವಾಗಿ ಹಾಕಿಕೊಡುವುದಾಗಿ ಹೇಳುವ ಮಾರಾಟಗಾರರಿರುತ್ತಾರೆ. ಕೃತಿಸ್ವಾಮ್ಯ ಅಧಿನಿಯಮ, 1957ರ 63ಬಿ ಪ್ರಕರಣದಂತೆ ತಿಳಿದೂ ಅಂತಹ ಪ್ರತಿಯನ್ನು ಗಣಕಯಂತ್ರದಲ್ಲಿ ಬಳಸಿದವರಿಗೆ ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರದ ಸಲುವಾಗಿ ಬಳಸಿರದಿದ್ದಲ್ಲಿ ನ್ಯಾಯಾಲಯವು ಸೆರೆವಾಸ ವಿಧಿಸದಿರಲು ಅವಕಾಶವಿದೆ. ಘಟಕ ನಡೆಸುವವರು ಆ ರಿಯಾಯಿತಿಯನ್ನು ನಿರೀಕ್ಷಿಸುವಂತಿಲ್ಲ.

ಕಾನೂನಿನ ಮಾತು ಬದಿಗಿರಲಿ. ಇಂಕ್‌ಸ್ಕೇಪ್, ಜಿಂಪ್, ಕ್ರಿಟಾ, ಸ್ಕ್ರೈಬಸ್ ಮೊದಲಾದವು ಕಾನೂನುಬದ್ಧವಾಗಿ ಉಚಿತವಾಗಿ ದೊರೆಯುತ್ತಿರುವಾಗ ಕದ್ದ ಪ್ರತಿಗಾಗಿ ಅಪಾಯಕ್ಕೆ ಒಡ್ಡಿಕೊಳ್ಳುವುದು ಅನವಶ್ಯಕ. ಇವುಗಳಲ್ಲಿ ಕೆಲಸ ಮಾಡಲು ಕಲಿಯುವ ಶ್ರಮ ಹೆಚ್ಚು ಎಂಬ ದೂರಿನಲ್ಲಿ ಸತ್ಯವಿದೆ. ಬೇರೆ ತಂತ್ರಾಂಶದಲ್ಲಿ ಪಳಗಿದವರಿಗೆ ಮೊದಲ ಒಂದೆರಡು ತಿಂಗಳು ಕೆಲಸ ನಿಧಾನವಾಗುತ್ತದೆ. ಈ ಅವಧಿಯ ಆದಾಯ ನಷ್ಟವನ್ನೂ ಯೋಜನಾ ವರದಿಯಲ್ಲಿ ಲೆಕ್ಕ ಹಾಕುವುದು ಪ್ರಾಮಾಣಿಕ ಕ್ರಮ.

8. ಖಾತೆ ಮತ್ತು ಹಕ್ಕು

ತಂತ್ರಾಂಶದ ಖಾತೆಯನ್ನು ಸದಸ್ಯರೊಬ್ಬರ ಸ್ವಂತ ಮಿಂಚಂಚೆಯಲ್ಲಿ ತೆರೆಯದೆ ಘಟಕದ ಹೆಸರಿನ ಮಿಂಚಂಚೆಯಲ್ಲಿ ತೆರೆಯತಕ್ಕದ್ದು. ಆ ಸದಸ್ಯರು ಮುಂದೆ ತಂಡ ಬಿಟ್ಟರೆ ಕಡತಗಳೂ ಅವರೊಂದಿಗೆ ಹೋಗುತ್ತವೆ. ಗುಪ್ತಪದ ಕನಿಷ್ಠ ಇಬ್ಬರಿಗಾದರೂ ತಿಳಿದಿರಬೇಕು.

ವೇತನ ಪಡೆಯುವ ನೌಕರರು ಉದ್ಯೋಗದ ಅಂಗವಾಗಿ ಮಾಡಿದ ವಿನ್ಯಾಸದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಉದ್ಯೋಗದಾತರದು. ದೂರದ ತಂಡಗಳಲ್ಲಿ ಹಲವರು ನೌಕರರಾಗಿರದೆ ಕೆಲಸದ ಮೇಲೆ ಹಣ ಪಡೆಯುವ ಸ್ವತಂತ್ರ ವಿನ್ಯಾಸಕಾರರಾಗಿರುತ್ತಾರೆ. ಇವರು ರಚಿಸಿದ ವಿನ್ಯಾಸದ ಹಕ್ಕು ಸಾಮಾನ್ಯವಾಗಿ ಅವರದೇ ಆಗಿರುತ್ತದೆ. ಅದನ್ನು ಘಟಕಕ್ಕೆ ವರ್ಗಾಯಿಸಲು ಸಹಿ ಮಾಡಿದ ಬರಹ ಬೇಕು. ಅದರಲ್ಲಿ ಅವಧಿಯನ್ನು ಹೇಳದಿದ್ದರೆ 5 ವರ್ಷ ಎಂದೂ ಪ್ರದೇಶವನ್ನು ಹೇಳದಿದ್ದರೆ ಭಾರತ ಎಂದೂ ಕಾನೂನು ಭಾವಿಸುತ್ತದೆ. ಒಂದು ಪುಟದ ಒಪ್ಪಂದ ಸಾಕು. ಮೂಲ ಕಡತವನ್ನು ಯಾವ ರೂಪದಲ್ಲಿ ಒಪ್ಪಿಸಬೇಕೆಂಬುದನ್ನೂ ಅದರಲ್ಲಿಯೇ ಬರೆಯಬೇಕು.

9. ಅರ್ಜಿಯಲ್ಲಿ ನಮೂದಿಸುವ ಕ್ರಮ

‘ಯಂತ್ರೋಪಕರಣ ಮತ್ತು ತಂತ್ರಾಂಶ’ ಕಲಂನಲ್ಲಿ ಪ್ರತಿ ತಂತ್ರಾಂಶದ ಹೆಸರು, ಆವೃತ್ತಿ, ಬಳಸುವವರ ಸಂಖ್ಯೆ, ಪರವಾನಗಿಯ ಬಗೆ ಮತ್ತು ಕಡತ ಉಳಿಸುವ ರೂಪವನ್ನು ಬರೆಯಲು ಕೋರಲಾಗಿದೆ. ಉದಾಹರಣೆಗೆ: “ಇಂಕ್‌ಸ್ಕೇಪ್, 3 ಜನ, ಉಚಿತ ಪರವಾನಗಿ, ಎಸ್‌ವಿಜಿ”. ಉಚಿತ ತಂತ್ರಾಂಶಕ್ಕೆ ದರಪಟ್ಟಿ ಬೇಕಿಲ್ಲ; ಮೊತ್ತದ ಜಾಗದಲ್ಲಿ ‘ಇಲ್ಲ’ ಎಂದು ಬರೆಯಬಹುದು. ತಂತ್ರಾಂಶಕ್ಕೆ ಹಣ ತೋರಿಸದಿದ್ದರೆ ಅರ್ಜಿ ದುರ್ಬಲವಾಗುತ್ತದೆಂದು ಭಾವಿಸಿ ಬೇಡದ ಚಂದಾಗಳನ್ನು ಸೇರಿಸುವವರಿದ್ದಾರೆ. ಹಾಗೆ ಮಾಡುವುದರಿಂದ ಸಾಲದ ಭಾರ ಹೆಚ್ಚುವುದೇ ಹೊರತು ಬೇರೆ ಪ್ರಯೋಜನವಿಲ್ಲ.

ಚಂದಾ ಸೇವೆಗಳಿಗೆ ಜಿ.ಎಸ್.ಟಿ. ಸೇರಿದ ವಾರ್ಷಿಕ ದರವನ್ನು ತೋರಿಸತಕ್ಕದ್ದು. ಡಾಲರಿನಲ್ಲಿ ದರವಿದ್ದಲ್ಲಿ ಯಾವ ದಿನಾಂಕದ ವಿನಿಮಯ ದರದಂತೆ ರೂಪಾಯಿಗೆ ಬದಲಿಸಲಾಗಿದೆ ಎಂಬುದನ್ನು ಕೆಳಗೆ ಬರೆಯಬೇಕು. ಮೇಲ್ಕಂಡ ಪರೀಕ್ಷಾ ವಾಕ್ಯವನ್ನು ತಾವು ಆರಿಸಿದ ತಂತ್ರಾಂಶದಿಂದ ಪಿಡಿಎಫ್ ಮಾಡಿ ಒಂದು ಹಾಳೆಯಲ್ಲಿ ಮುದ್ರಿಸಿ ಲಗತ್ತಿಸಿದರೆ ಪರಿಶೀಲನೆಗೆ ಅನುಕೂಲವಾಗುತ್ತದೆ. ಕಪ್ಪು-ಬಿಳುಪಿನ ಪ್ರತಿ ಸಾಕು. ಬಣ್ಣದ ಮುದ್ರಣ, ಸ್ಪೈರಲ್ ಬೈಂಡಿಂಗ್ ಅಗತ್ಯವಿರುವುದಿಲ್ಲ.